ದ್ವಿಚಂದ್ರದರ್ಶನವೂ ಪ್ರಿಸಂ ಕನ್ನಡಕವೂ

ಒಬ್ಬನೇ ಚಂದ್ರನು ಕಣ್ಣಿನ ದೋಷವುಳ್ಳವನಿಗೆ ಇಬ್ಬರಾಗಿ ತೋರುವನೆಂಬ ದೃಷ್ಟಾಂತವು ನಮ್ಮ ಶಾಸ್ತ್ರಗ್ರಂಥಗಳಲ್ಲಿ ಮತ್ತೆಮತ್ತೆ ಬರುವುದು. ಶ್ರೀ ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿಯೇ ಅಧ್ಯಾಸವೆಂದರೇನೆಂಬುದನ್ನು ವಿವರಿಸುತ್ತ, ಬೆಳ್ಳಿಯಂತೆ ತೋರುವ ಚಿಪ್ಪಿನೊಡನೆ ಈ ಎರಡು ಚಂದ್ರರ ನಿದರ್ಶನವನ್ನೂ ಕೊಟ್ಟಿದ್ದಾರೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿಯೂ, ದೋಷವು ದೃಷ್ಟಿಯ ನಡುವೆ ನೆಲಸಿದಾಗ ಒಂದು ವಸ್ತುವು ಎರಡಾಗಿ ಕಾಣುವುದೆಂದು ಹೇಳಿದೆ. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಪಾಠಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ನಾನು ಈ ದೃಷ್ಟಾಂತವನ್ನು ಎಷ್ಟೋ ಸಾರಿ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಿದ್ದುಂಟು. ಅದು ಒಂದು ದಿನ ನನ್ನ ಕಣ್ಣಿಗೇ ಪ್ರತ್ಯಕ್ಷವಾದೀತೆಂದು ಮಾತ್ರ ಎಣಿಸಿರಲಿಲ್ಲ.

ನಿವೃತ್ತನಾದ ಮರುವರ್ಷದ ಒಂದು ಹುಣ್ಣಿಮೆಯ ಸಂಜೆ ಜಗುಲಿಯ ಮೇಲೆ ಕುಳಿತಿದ್ದೆನು. ಆಗತಾನೇ ಮೂಡಿದ ಚಂದ್ರನು ಎದುರಿನ ತೆಂಗಿನ ಮರಗಳ ಮೇಲೆ ಒಂದಾಗಿಯೂ, ಅದರ ಕೆಳಗೆ ನೆರೆಮನೆಯ ಹೆಂಚಿನ ಸಾಲಿನ ಮೇಲೆ ಇನ್ನೊಂದಾಗಿಯೂ ಕಂಡನು. ಮೊದಲು ನಗುವೇ ಬಂದಿತು, ಅನಂತರ ಭಯವಾಯಿತು. ಮನೆಯವರಿಗೆ ಏನನ್ನೂ ಹೇಳಲಿಲ್ಲ. ವಯಸ್ಸಾದವನು ಎರಡು ಚಂದ್ರರನ್ನು ಕಂಡೆನೆಂದರೆ ಕೇಳಿದವರು ಕಣ್ಣನ್ನು ಶಂಕಿಸದೆ ಬುದ್ಧಿಯನ್ನೇ ಶಂಕಿಸುವರೆಂಬ ಅಳುಕು ನನ್ನದು.

ನನ್ನ ಮನೆಯಲ್ಲಿ ಶನಿವಾರಗಳಂದು ನಾಲ್ಕಾರು ಮಂದಿ ನೆರೆಹೊರೆಯವರು ಸೇರುವರು. ಕುಮಾರವ್ಯಾಸನ ಭಾರತವನ್ನು ಓದಿ ಅರ್ಥ ಹೇಳುವುದು ರೂಢಿ. ಆ ಸಂಜೆಗಳಲ್ಲಿ ಒಂದು ಪದ್ಯದ ಸಾಲು ಮುಂದಿನ ಪದ್ಯದ ಮೇಲೆ ಕುಳಿತಂತೆ ಕಾಣತೊಡಗಿತು. ಬಲಗಣ್ಣನ್ನು ಮುಚ್ಚಿಕೊಂಡರೆ ಮಾತ್ರ ಸಾಲು ಸಾಲಾಗಿಯೇ ಇರುತ್ತಿತ್ತು. ಹೀಗೆ ಎರಡು ತಿಂಗಳು ಕಳೆದ ಮೇಲೆ ನನ್ನ ಮನೆಯಾಕೆಯು ಒಂದು ದಿನ, "ಇದೇನು, ಒಂದು ಕಣ್ಣು ಮುಚ್ಚಿಕೊಂಡು ಓದುತ್ತೀರಿ? ಯಾವಾಗಿನಿಂದ ಹೀಗೆ?" ಎಂದು ಕೇಳಿದಳು. ಇನ್ನು ಮುಚ್ಚಿಡುವುದಕ್ಕೆ ಸಾಧ್ಯವಾಗಲಿಲ್ಲ. ನನ್ನಂತೆಯೇ ಅಳುಕಿ ಸುಮ್ಮನಿರುವ ಹಿರಿಯರು ಅನೇಕ ಮನೆಗಳಲ್ಲಿ ಇರಬಹುದೆಂದು ತೋರಿದುದರಿಂದ ಈ ವಿಷಯವನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಎರಡು ಬಗೆಯ ಇಮ್ಮಡಿ ದೃಷ್ಟಿ

ವಸ್ತುಗಳು ಎರಡಾಗಿ ಕಂಡಾಗ ಮೊದಲು ಮಾಡತಕ್ಕ ಪರೀಕ್ಷೆಯು ಅತಿ ಸುಲಭವಾದುದು. ಅದಕ್ಕೆ ಒಂದು ಅಂಗೈ ಸಾಕು. ಮೊದಲು ಬಲಗಣ್ಣನ್ನೂ ಆಮೇಲೆ ಎಡಗಣ್ಣನ್ನೂ ಅಂಗೈಯಿಂದ ಮುಚ್ಚಿ ದೂರದ ದೀಪವನ್ನು ನೋಡಬೇಕು. ಒಂದು ಕಣ್ಣು ಮುಚ್ಚಿದ್ದರೂ ತೆರೆದಿರುವ ಇನ್ನೊಂದು ಕಣ್ಣಿಗೆ ದೀಪವು ಎರಡಾಗಿ ಕಂಡರೆ, ದೋಷವು ಸಾಧಾರಣವಾಗಿ ಆ ಕಣ್ಣಿನ ಒಳಗೇ ಇರುವುದು. ಬೆಳೆಯುತ್ತಿರುವ ಪೊರೆಯೋ, ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದ ವಕ್ರತೆಯೋ ಕಾರಣವಾಗಿರಬಹುದು. ಹಿಂದಿನವರು ಹೇಳಿದ ತಿಮಿರದ ಎರಡು ಚಂದ್ರರು ಬಹುಶಃ ಈ ಬಗೆಯವರೇ. ಇದಕ್ಕೆ ಪ್ರಿಸಂನಿಂದ ಉಪಯೋಗವಿಲ್ಲ. ಯಾವ ಕಣ್ಣನ್ನು ಮುಚ್ಚಿದರೂ ಇಮ್ಮಡಿಯು ಮಾಯವಾದರೆ, ಪ್ರತಿಯೊಂದು ಕಣ್ಣೂ ತನ್ನಷ್ಟಕ್ಕೆ ಒಂದೇ ವಸ್ತುವನ್ನು ಕಾಣುತ್ತಿದೆ, ಎರಡೂ ಒಂದೇ ಕಡೆಗೆ ತಿರುಗಿಲ್ಲವೆಂದು ತಿಳಿಯತಕ್ಕದ್ದು. ಈ ಲೇಖನವು ಈ ಎರಡನೆಯ ಬಗೆಯನ್ನು ಕುರಿತದ್ದು.

ಪ್ರತಿಯೊಂದು ಕಣ್ಣುಗುಡ್ಡೆಯನ್ನೂ ಆರು ಸಣ್ಣ ಸ್ನಾಯುಗಳು ಲಗಾಮುಗಳಂತೆ ಎಳೆದು ತಿರುಗಿಸುವುವು. ಹೀಗೆ ಹನ್ನೆರಡು ಲಗಾಮುಗಳು ಸದಾ ಹೊಂದಿಕೊಂಡು ದುಡಿದರೆ ಮಾತ್ರ ಎರಡು ಕಣ್ಣುಗಳ ನೋಟವು ಒಂದೇ ಬಿಂದುವಿನಲ್ಲಿ ಸೇರುವುದು. ಆಗ ಮೆದುಳು ಎರಡು ಚಿತ್ರಗಳನ್ನು ಬೆರಸಿ ಒಂದನ್ನಾಗಿ ಮಾಡುವುದು. ಈ ಸ್ನಾಯುಗಳಿಗೆ ಆಜ್ಞೆಯನ್ನು ಒಯ್ಯುವುದು ಮೆದುಳಿನಿಂದ ಹೊರಡುವ ಮೂರನೆಯ, ನಾಲ್ಕನೆಯ ಮತ್ತು ಆರನೆಯ ನರಗಳು. ನರವು ಸೋತರೂ, ಸ್ನಾಯುವು ಬಿಗಿದರೂ, ತಲೆಗೆ ಪೆಟ್ಟು ಬಿದ್ದರೂ ಲಗಾಮು ಸಡಿಲವಾಗಿ ಕಣ್ಣು ಕೊಂಚ ಓರೆಯಾಗುವುದು. ಮಧುಮೇಹ ಮತ್ತು ರಕ್ತದೊತ್ತಡ ಉಳ್ಳವರಲ್ಲಿ ನರಕ್ಕೆ ರಕ್ತವೊದಗಿಸುವ ಸೂಕ್ಷ್ಮನಾಳವು ಕಟ್ಟಿ ಹೀಗಾಗುವುದುಂಟು; ಅದು ಬಹುಮಟ್ಟಿಗೆ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಸರಿಹೋಗುವುದು. ಥೈರಾಯ್ಡ್ ಗ್ರಂಥಿಯ ರೋಗದಲ್ಲಿ ಸ್ನಾಯುಗಳೇ ಊದಿ ಬಿಗಿಯುವುದುಂಟು. ಚಿಕ್ಕಂದಿನಲ್ಲಿಯೇ ಕಣ್ಣು ಓರೆಯಾದ ಮಗುವಿಗೆ ಪ್ರಾಯಶಃ ಎರಡು ಕಾಣುವುದಿಲ್ಲ. ಅದರ ಮೆದುಳು ಒಂದು ಚಿತ್ರವನ್ನು ತಳ್ಳಿಹಾಕುವುದು. ಉದಾಸೀನ ಮಾಡಿದರೆ ಆ ಕಣ್ಣಿನ ದೃಷ್ಟಿಯೇ ಮಂದವಾಗಿ ಉಳಿಯುವುದು. ಆದುದರಿಂದ ಮಗುವಿನ ಓರೆಗಣ್ಣನ್ನು ಅದೃಷ್ಟದ ಲಕ್ಷಣವೆಂದು ಹೇಳುತ್ತ ಕಾಲ ಕಳೆಯಬಾರದು.

ತಡಮಾಡಬಾರದ ಸಂದರ್ಭಗಳು

ಕನ್ನಡಕದ ವಿಚಾರಕ್ಕೆ ಮೊದಲು ಒಂದು ಎಚ್ಚರಿಕೆ. ಹೊಸದಾಗಿ ಎರಡು ಕಾಣತೊಡಗಿದವರು ಕನ್ನಡಕದ ಅಂಗಡಿಗೆ ಹೋಗದೆ ಮೊದಲು ವೈದ್ಯರ ಬಳಿಗೆ ಹೋಗತಕ್ಕದ್ದು. ಇಮ್ಮಡಿಯ ಜತೆಯಲ್ಲಿ ರೆಪ್ಪೆಯು ಜೋತುಬಿದ್ದು, ಒಂದು ಕಣ್ಣಿನ ಪಾಪೆಯು ದೊಡ್ಡದಾಗಿ, ತೀವ್ರವಾದ ತಲೆನೋವು ಬಂದರೆ ಮೆದುಳಿನ ರಕ್ತನಾಳವೊಂದು ಉಬ್ಬಿ ನರವನ್ನು ಒತ್ತುತ್ತಿರಬಹುದು. ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಯನ್ನು ಸೇರಬೇಕು. ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ ಪಾರ್ಶ್ವವಾಯುವಿನ ಶಂಕೆಯುಂಟು. ಐವತ್ತು ದಾಟಿದವರಿಗೆ ಕಪೋಲದ ಮೇಲೆ ಕಣತಲೆಯಲ್ಲಿ ನೋವು, ಅಗಿಯುವಾಗ ದವಡೆಯಲ್ಲಿ ನೋವು ಇದ್ದರೂ ಹಾಗೆಯೇ ತ್ವರೆಪಡಬೇಕು. ಚಿಕಿತ್ಸೆ ತಡವಾದರೆ ದೃಷ್ಟಿಯೇ ಹೋಗಬಹುದು. ಬೆಳಗ್ಗೆ ಸರಿಯಿದ್ದು ಸಂಜೆಯಾದಂತೆ ರೆಪ್ಪೆ ಜೋಲುವುದೂ ಎರಡು ಕಾಣುವುದೂ ಹೆಚ್ಚಾದರೆ ಸ್ನಾಯುಗಳ ಬೇರೊಂದು ರೋಗವನ್ನು ಪರೀಕ್ಷಿಸಬೇಕಾಗುವುದು.

ಹಳೆಯ ಭಾವಚಿತ್ರಗಳ ಸಾಕ್ಷ್ಯ

ನನ್ನನ್ನು ಪರೀಕ್ಷಿಸಿದ ವೈದ್ಯೆಯು ನನ್ನ ಮಗಳ ವಯಸ್ಸಿನವರು. ಅವರು ಕಣ್ಣುಗಳನ್ನು ಎಲ್ಲ ಕಡೆಗೂ ತಿರುಗಿಸಿ ನೋಡಿ, ತಲೆಯನ್ನು ಆ ಭುಜಕ್ಕೂ ಈ ಭುಜಕ್ಕೂ ವಾಲಿಸಿ ನೋಡಿ, "ಮೇಷ್ಟ್ರೇ, ನಿಮ್ಮ ಹಳೆಯ ಫೋಟೋಗಳು ಇದ್ದರೆ ನಾಳೆ ತನ್ನಿ" ಎಂದರು. ಕಣ್ಣಿಗೂ ಫೋಟೋಗೂ ಏನು ಸಂಬಂಧವೆಂದು ಆಶ್ಚರ್ಯಪಡುತ್ತ, ಶಾಲೆಯ ಬೀಳ್ಕೊಡುಗೆಯ ಚಿತ್ರಗಳನ್ನೂ, ನನ್ನ ಮದುವೆಯ ಚಿತ್ರವನ್ನೂ, ಹೈಸ್ಕೂಲಿನಲ್ಲಿ ಓದುವಾಗಿನ ಚಿತ್ರವೊಂದನ್ನೂ ಒಯ್ದೆನು. ಎಲ್ಲದರಲ್ಲಿಯೂ ನನ್ನ ತಲೆ ಎಡಭುಜದ ಕಡೆಗೆ ವಾಲಿತ್ತು! ಹುಡುಗರು ಬೆನ್ನ ಹಿಂದೆ ನನ್ನನ್ನು ವಾರೆತಲೆ ಮೇಷ್ಟ್ರೆಂದು ಕರೆಯುತ್ತಿದ್ದುದು ನನಗೆ ಗೊತ್ತಿತ್ತು. ಅದಕ್ಕೆ ಕಾರಣವು ಬಲಗಣ್ಣಿನ ನಾಲ್ಕನೆಯ ನರದ ಹುಟ್ಟು ದೌರ್ಬಲ್ಯವೆಂದು ತಿಳಿದುದು ಆ ದಿನವೇ.

ಈ ನರವು ಆಳುವ ಸ್ನಾಯುವು ಕಣ್ಣನ್ನು ಕೆಳಗೂ ಒಳಗೂ ತಿರುಗಿಸಲು ನೆರವಾಗುವುದು. ಅದು ದುರ್ಬಲವಾದರೆ ಆ ಕಣ್ಣು ಕೊಂಚ ಮೇಲಕ್ಕೆ ಸರಿಯುವುದು. ತಲೆಯನ್ನು ಎದುರು ಭುಜಕ್ಕೆ ವಾಲಿಸಿದರೆ ಎರಡು ಚಿತ್ರಗಳು ಕೂಡಿಕೊಳ್ಳುವುದರಿಂದ ಮಗುವು ತಿಳಿಯದೆಯೇ ಆ ಅಭ್ಯಾಸವನ್ನು ಹಿಡಿಯುವುದು. ಯೌವನದಲ್ಲಿ ಮೆದುಳಿಗೆ ಚಿತ್ರಗಳನ್ನು ಕೂಡಿಸುವ ಶಕ್ತಿ ಹೇರಳವಾಗಿರುವುದು. ವಯಸ್ಸಾದಂತೆ ಅದು ಕುಂದಿ, ಐವತ್ತು ಅರವತ್ತರ ವಯಸ್ಸಿನಲ್ಲಿ ಒಂದು ದಿನ ಚಂದ್ರನು ಎರಡಾಗುವನು. ದೋಷವು ಹುಟ್ಟಿನಿಂದ ಬಂದುದು, ಹೊಸ ರೋಗವಲ್ಲವೆಂದು ಫೋಟೋಗಳೇ ಸಾಕ್ಷಿ ನುಡಿದುದರಿಂದ ನನ್ನ ಎದೆಯ ಭಾರವು ಬಹುಮಟ್ಟಿಗೆ ಇಳಿಯಿತು.

ಪ್ರಿಸಂ ಮಾಡುವ ಕೆಲಸ

ಪ್ರಿಸಂ ಎಂಬುದನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ಪಟ್ಟಕವೆಂದೂ ಕರೆದಿದೆ. ಒಂದು ಅಂಚು ತೆಳ್ಳಗೂ ಎದುರು ಅಂಚು ದಪ್ಪಗೂ ಇರುವ ಗಾಜಿನ ಬೆಣೆಯೇ ಅದು. ಬೆಳಕಿನ ಕಿರಣವು ಅದರೊಳಗೆ ಹಾಯುವಾಗ ದಪ್ಪ ಅಂಚಿನ ಕಡೆಗೆ ಬಾಗುವುದು; ನೋಡುವವನಿಗೆ ವಸ್ತುವು ತೆಳ್ಳನೆಯ ಅಂಚಿನ ಕಡೆಗೆ ಸರಿದಂತೆ ಕಾಣುವುದು. ನನ್ನ ಬಲಗಣ್ಣು ಮೇಲಕ್ಕೆ ಸರಿದಿರುವುದರಿಂದ ಅದರ ಚಿತ್ರವು ಕೆಳಗೆ ತೋರುತ್ತಿತ್ತು; ನೆರೆಮನೆಯ ಹೆಂಚಿನ ಮೇಲೆ ಕಂಡ ಚಂದ್ರನು ಬಲಗಣ್ಣಿನವನು. ಆ ಕಣ್ಣಿನ ಮುಂದೆ ದಪ್ಪ ಅಂಚು ಕೆಳಗಿರುವಂತೆ ಪ್ರಿಸಂ ಇಟ್ಟರೆ ಅವನು ಮೇಲಕ್ಕೆ ಏರಿ ತೆಂಗಿನ ಮರದ ಮೇಲಿನವನೊಡನೆ ಸೇರಿಕೊಳ್ಳುವನು. ಪ್ರಿಸಂ ಕಣ್ಣಿನ ನರವನ್ನು ಗುಣಪಡಿಸುವುದಿಲ್ಲ. ಕಣ್ಣು ಓರೆಯಾಗಿರುವಷ್ಟೇ ಬೆಳಕನ್ನೂ ಓರೆಮಾಡಿ ಕೊಡುವುದು, ಅಷ್ಟೆ.

ಇದರ ಅಳತೆಯ ಮಾನಕ್ಕೆ ಪ್ರಿಸಂ ಡಯಾಪ್ಟರ್ ಎಂದು ಹೆಸರು. ಅಮೆರಿಕದ ಚಾರ್ಲ್ಸ್ ಪ್ರೆಂಟಿಸ್ ಎಂಬ ಕನ್ನಡಕ ತಜ್ಞನು ೧೮೯೦ರಲ್ಲಿ ಇದನ್ನು ಸೂಚಿಸಿದನು. ಒಂದು ಮೀಟರ್ ದೂರದಲ್ಲಿ ವಸ್ತುವನ್ನು ಒಂದು ಸೆಂಟಿಮೀಟರ್ ಸರಿಸುವ ಪ್ರಿಸಂನ ಬಲವು ಒಂದು ಡಯಾಪ್ಟರ್. ನನಗೆ ದೂರದ ನೋಟದಲ್ಲಿ ೪ ಡಯಾಪ್ಟರ್ ಅಂತರವಿತ್ತು; ಎಂದರೆ ಐದು ಮೀಟರ್ ಆಚೆಯ ದೀಪವು ೨೦ ಸೆಂಟಿಮೀಟರ್ ಅಂತರದಲ್ಲಿ ಎರಡಾಗಿ ಕಾಣಬೇಕು. ಓದುವ ನೋಟದಲ್ಲಿ ಅದೇ ೭ ಆಗುತ್ತಿತ್ತು. ೪೦ ಸೆಂಟಿಮೀಟರ್ ದೂರದ ಪುಸ್ತಕದಲ್ಲಿ ಅದು ೨೮ ಮಿಲಿಮೀಟರ್, ಸುಮಾರು ಐದು ಸಾಲುಗಳಷ್ಟು! ಒಂದು ಪದ್ಯವು ಮುಂದಿನ ಪದ್ಯದ ಮೇಲೆ ಕುಳಿತ ರಹಸ್ಯವು ಇದೇ.

ಅಳೆಯುವ ಒಂದು ವಿಧಾನವು ಬಹು ಸೊಗಸಾಗಿದೆ. ಒಂದು ಕಣ್ಣಿನ ಮುಂದೆ ಕೆಂಪು ಗಾಜಿನ ಸಣ್ಣ ಕಂಬಿಗಳ ಸಾಲನ್ನು ಇಡುವರು. ಅದಕ್ಕೆ ಮ್ಯಾಡಕ್ಸ್ ಕಂಬಿಯೆಂದು ಹೆಸರು. ಆ ಕಣ್ಣಿಗೆ ದೀಪವು ಕೆಂಪು ಗೆರೆಯಾಗಿಯೂ, ಇನ್ನೊಂದಕ್ಕೆ ಬಿಳಿಯ ಚುಕ್ಕೆಯಾಗಿಯೂ ತೋರುವುದು. ಗೆರೆಯು ಚುಕ್ಕೆಯ ಮೇಲೆ ಹಾಯುವ ತನಕ ಪ್ರಿಸಂಗಳನ್ನು ಬದಲಾಯಿಸುತ್ತ ಹೋಗುವರು. ಎರಡು ಕಣ್ಣಿಗೂ ಕಂಬಿಗಳನ್ನಿಟ್ಟು, ಒಂದು ಗೆರೆಯು ಇನ್ನೊಂದಕ್ಕೆ ಓರೆಯಾಗಿದೆಯೇ ಎಂದೂ ನೋಡುವರು. ಏಕೆಂದರೆ ಪ್ರಿಸಂ ಚಿತ್ರವನ್ನು ಮೇಲೆ ಕೆಳಗೆ, ಅತ್ತ ಇತ್ತ ಸರಿಸಬಲ್ಲುದೇ ಹೊರತು ಓರೆಯಾದ ಚಿತ್ರವನ್ನು ನೆಟ್ಟಗೆ ಮಾಡಲಾರದು. ನನ್ನಲ್ಲಿ ಆ ಓರೆಯು ಅತ್ಯಲ್ಪವಾಗಿದ್ದುದರಿಂದ ಕನ್ನಡಕದಿಂದಲೇ ಪ್ರಯೋಜನವಾದೀತೆಂದು ವೈದ್ಯೆಯು ನಿಶ್ಚಯಿಸಿದರು.

ಚಾಳೀಸಿನ ತೊಡಕು

ನಲವತ್ತು ದಾಟಿದವರಿಗೆ ಬರುವ ಕನ್ನಡಕವನ್ನು ನಮ್ಮವರು ಚಾಳೀಸು ಎನ್ನುವರಷ್ಟೆ. ಮೇಲ್ಭಾಗದಲ್ಲಿ ದೂರಕ್ಕೂ ಕೆಳಭಾಗದಲ್ಲಿ ಓದುವುದಕ್ಕೂ ಬೇರೆಬೇರೆ ಬಲವಿರುವ ಬೈಫೋಕಲ್ ಕನ್ನಡಕವನ್ನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮಹಾಶಯನು ಪ್ರಸಿದ್ಧಿಗೆ ತಂದನು. ಎರಡು ಜೊತೆ ಕನ್ನಡಕಗಳ ಗಾಜುಗಳನ್ನು ಅರ್ಧರ್ಧ ಕತ್ತರಿಸಿ ಒಂದೇ ಚೌಕಟ್ಟಿನಲ್ಲಿ ಕೂಡಿಸಿಕೊಂಡಿರುವುದಾಗಿ ಅವನು ೧೭೮೫ರಲ್ಲಿ ಮಿತ್ರನಿಗೆ ಪತ್ರ ಬರೆದಿದ್ದಾನೆ. ಆಗ ಅವನು ಫ್ರಾನ್ಸಿನಲ್ಲಿದ್ದನು. ಊಟದ ಮೇಜಿನ ಮೇಲಣ ಭಕ್ಷ್ಯಗಳೂ ಎದುರು ಕುಳಿತವರ ಮುಖವೂ ಒಂದೇ ಕನ್ನಡಕದಲ್ಲಿ ಕಾಣುವುದರಿಂದ, ಮಾತನಾಡುವವರ ತುಟಿಗಳನ್ನು ನೋಡಿ ಫ್ರೆಂಚ್ ಭಾಷೆಯು ತನಗೆ ಹೆಚ್ಚಾಗಿ ಅರ್ಥವಾಗುವುದೆಂದು ಅವನು ವಿನೋದವಾಗಿ ಹೇಳಿಕೊಂಡಿದ್ದಾನೆ.

ಈ ಉಪಕಾರಿಯಾದ ಕನ್ನಡಕವೇ ನಾಲ್ಕನೆಯ ನರದ ರೋಗಿಗೆ ತೊಡಕಾಗುವುದು. ಬೈಫೋಕಲ್‌ನಲ್ಲಿ ಓದಬೇಕಾದರೆ ದೃಷ್ಟಿಯನ್ನು ಕೆಳಕ್ಕೆ ಇಳಿಸಲೇಬೇಕು. ಅವನ ಇಮ್ಮಡಿಯು ಅತ್ಯಂತ ಹೆಚ್ಚಾಗುವುದು ಕೆಳನೋಟದಲ್ಲಿಯೇ. ಪ್ರಿಸಂ ಅನ್ನು ಗಾಜಿನಲ್ಲಿ ಅರೆದು ಕೂರಿಸಿದರೆ ಅದು ಮೇಲ್ಭಾಗಕ್ಕೂ ಕೆಳಭಾಗಕ್ಕೂ ಒಂದೇ ಬಲದ್ದಾಗಿರುವುದು. ದೂರಕ್ಕೆ ೪ ಕೊಟ್ಟರೆ ಓದುವುದಕ್ಕೆ ಸಾಲದು; ಓದುವುದಕ್ಕೆ ೭ ಕೊಟ್ಟರೆ ದೂರದ ದೀಪವು ಮತ್ತೆ ಎರಡಾಗಬಹುದು. ಆರನೆಯ ನರದ ದೌರ್ಬಲ್ಯದಲ್ಲಿ ಇದಕ್ಕೆ ವಿಪರೀತವಾಗಿ ದೂರದಲ್ಲಿ ಇಮ್ಮಡಿಯು ಹೆಚ್ಚು, ಹತ್ತಿರದಲ್ಲಿ ಕಡಮೆ.

ಆದುದರಿಂದ ವೈದ್ಯೆಯು ಎರಡು ಕನ್ನಡಕಗಳನ್ನು ಬರೆದುಕೊಟ್ಟರು. ತಿರುಗಾಡುವುದಕ್ಕೂ, ಸಂತೆಯಲ್ಲಿ ಬೆಲೆಚೀಟಿ ನೋಡುವುದಕ್ಕೂ ೪ ಡಯಾಪ್ಟರ್ ಪ್ರಿಸಂ ಇರುವ ಬೈಫೋಕಲ್ ಒಂದು. ಕುಳಿತು ಓದುವುದಕ್ಕೆ ೭ ಡಯಾಪ್ಟರ್ ಇರುವ, ಪೂರ್ತಿ ಗಾಜೂ ಓದುವ ಬಲದ್ದೇ ಆದ ಸಾದಾ ಕನ್ನಡಕ ಇನ್ನೊಂದು. ಪ್ರಿಸಂ ಅನ್ನು ಒಂದೇ ಗಾಜಿಗೆ ಹೊರಿಸಿದರೆ ಅದು ಒಂದು ಕಡೆ ದಪ್ಪವಾಗಿ ಭಾರವಾಗುವುದು. ಅಂಚುಗಳಲ್ಲಿ ಕಾಮನಬಿಲ್ಲಿನ ಬಣ್ಣಗಳೂ ತೋರುವುವು. ಅದಕ್ಕಾಗಿ ಬಲಗಾಜಿನಲ್ಲಿ ಅರ್ಧವನ್ನು ದಪ್ಪ ಅಂಚು ಕೆಳಗಾಗಿಯೂ, ಎಡಗಾಜಿನಲ್ಲಿ ಅರ್ಧವನ್ನು ದಪ್ಪ ಅಂಚು ಮೇಲಾಗಿಯೂ ಹಂಚುವರು.

ಅಳತೆ ತೆಗೆಯುವಲ್ಲಿಯೂ ಒಂದು ಸೂಕ್ಷ್ಮವುಂಟು. ಬೈಫೋಕಲ್‌ನ ಓದುವ ತುಂಡಿನ ಮೇಲಂಚು ಸಾಮಾನ್ಯವಾಗಿ ಕೆಳರೆಪ್ಪೆಯ ಅಂಚಿನ ನೇರಕ್ಕೆ ಬರಬೇಕು. ಮೇಲೆ ಕೆಳಗೆ ಸರಿಸುವ ಪ್ರಿಸಂ ಇದ್ದರೆ ಅದರ ಹಿಂದಿನ ಕಣ್ಣು ತೆಳ್ಳನೆಯ ಅಂಚಿನ ಕಡೆಗೆ ತಿರುಗಿ ನಿಲ್ಲುವುದರಿಂದ, ಒಂದೊಂದು ಡಯಾಪ್ಟರಿಗೂ ಸುಮಾರು ೦.೩ ಮಿಲಿಮೀಟರಿನಂತೆ ತುಂಡನ್ನು ಅದೇ ಕಡೆಗೆ ಸರಿಸಬೇಕಾಗುವುದು. ಎರಡು ಕಣ್ಣುಗಳಿಗೂ ಕುರುಡಾಗಿ ಒಂದೇ ಎತ್ತರವನ್ನು ಬರೆಯದೆ, ಒಂದೊಂದು ಕಣ್ಣನ್ನು ಮುಚ್ಚಿಸಿ ಬೇರೆಬೇರೆಯಾಗಿ ಅಳೆಯುವವನೇ ಬಲ್ಲವನು.

ಇನ್ನೊಂದು ಸಂದರ್ಭವನ್ನೂ ಹೇಳಬೇಕು. ಒಂದು ಕಣ್ಣಿಗೆ ಮಾತ್ರ ಪೊರೆಯ ಶಸ್ತ್ರಚಿಕಿತ್ಸೆಯಾದಾಗ ಎರಡು ಗಾಜುಗಳ ಬಲದಲ್ಲಿ ಬಹಳ ವ್ಯತ್ಯಾಸವಾಗುವುದುಂಟು. ಗಾಜಿನ ನಡುವನ್ನು ಬಿಟ್ಟು ಕೆಳಗೆ ನೋಡಿದಾಗ ಮಸೂರವೇ ಪ್ರಿಸಂನಂತೆ ವರ್ತಿಸುವುದು. ಬಲದ ವ್ಯತ್ಯಾಸವು ೩ ಡಯಾಪ್ಟರ್ ಇದ್ದರೆ, ನಡುವಿನಿಂದ ಒಂದು ಸೆಂಟಿಮೀಟರ್ ಕೆಳಗೆ ೩ ಪ್ರಿಸಂ ಡಯಾಪ್ಟರ್ ಅಂತರವು ತಾನಾಗಿ ಹುಟ್ಟುವುದು. ಸ್ನಾಯುಗಳು ಸರಿಯಾಗಿದ್ದರೂ ಓದುವಾಗ ಸಾಲುಗಳು ಎರಡಾಗಬಹುದು. ಒಂದು ಗಾಜಿನ ಕೆಳಭಾಗವನ್ನು ವಿಶೇಷವಾಗಿ ಅರೆಯಿಸಿಯೋ, ಓದುವುದಕ್ಕೆ ಬೇರೆ ಕನ್ನಡಕವನ್ನು ಕೊಟ್ಟೋ ಇದನ್ನು ನಿವಾರಿಸುವರು.

ಅಂಟಿಸುವ ಪ್ರಿಸಂ

ಮಧುಮೇಹದಿಂದ ನರ ಸೋತವರಲ್ಲಿ ಓರೆಯು ವಾರವಾರಕ್ಕೂ ಬದಲಾಗುತ್ತಿರುವುದು. ಅಂಥವರಿಗೆ ಗಾಜನ್ನು ಅರೆಯಿಸುವುದು ವ್ಯರ್ಥ ವೆಚ್ಚ. ಅವರಿಗೆ ಫ್ರೆನೆಲ್ ಪ್ರಿಸಂ ಒಳ್ಳೆಯದು. ಫ್ರಾನ್ಸ್ ದೇಶದ ಫ್ರೆನೆಲ್ ಎಂಬ ವಿಜ್ಞಾನಿಯು ದಪ್ಪ ಮಸೂರವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಹಗುರಮಾಡುವ ಯುಕ್ತಿಯನ್ನು ದೀಪಸ್ತಂಭಗಳಿಗಾಗಿ ರೂಪಿಸಿದನು. ೧೮೨೩ರಲ್ಲಿ ಕಾರ್ದುವಾನ್ ದೀಪಸ್ತಂಭದಲ್ಲಿ ಅದು ಮೊದಲು ಬೆಳಗಿತು. ಅದೇ ತತ್ತ್ವದಿಂದ ಸುಮಾರು ಒಂದು ಮಿಲಿಮೀಟರ್ ದಪ್ಪದ ಮೆತ್ತನೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಸಾಲಾಗಿ ಪುಟ್ಟ ಪ್ರಿಸಂಗಳನ್ನು ಮೂಡಿಸಿರುವರು. ಅದನ್ನು ಕತ್ತರಿಯಿಂದ ಗಾಜಿನ ಆಕಾರಕ್ಕೆ ಕತ್ತರಿಸಿ, ಒಳಮೈಗೆ ನೀರಿನಿಂದಲೇ ಅಂಟಿಸಬಹುದು, ಬೇಡವಾದಾಗ ತೆಗೆಯಬಹುದು. ಬೈಫೋಕಲ್‌ನ ಮೇಲ್ಭಾಗಕ್ಕೆ ಮಾತ್ರವೋ ಕೆಳಭಾಗಕ್ಕೆ ಮಾತ್ರವೋ ಬೇಕಾದಂತೆ ಕತ್ತರಿಸಬಹುದಾದುದು ಇದರ ದೊಡ್ಡ ಗುಣ. ನೋಟವು ಕೊಂಚ ಮಸುಕಾಗುವುದೂ, ಗೆರೆಗಳಲ್ಲಿ ಧೂಳು ಕೂರುವುದೂ ದೋಷ. ಓರೆಯು ಬಹಳವಿದ್ದು ಪ್ರಿಸಂಗೆ ಮೀರಿದುದಾದರೆ ಒಂದು ಗಾಜನ್ನು ಮಸುಕುಮಾಡುವುದೋ, ಅಳತೆಯು ಹಲವು ತಿಂಗಳು ಸ್ಥಿರವಾಗಿ ನಿಂತ ಮೇಲೆ ಸ್ನಾಯುವಿಗೆ ಶಸ್ತ್ರಚಿಕಿತ್ಸೆ ಮಾಡುವುದೋ ಉಪಾಯವಾಗಿರುವುದು.

ನಾನು ಪಟ್ಟ ಪಾಡು

ಚೀಟಿಯನ್ನು ಕೊಂಡೊಯ್ದು ಒಂದು ಅಂಗಡಿಯಲ್ಲಿ ಬೈಫೋಕಲ್ ಮಾಡಿಸಿದೆನು. ಹಾಕಿಕೊಂಡ ಕೂಡಲೇ ಎರಡು ದೀಪಗಳು ಮೊದಲಿಗಿಂತ ದೂರವಾದುವು. ಅಂಗಡಿಯವನು, "ಹೊಸದಲ್ಲವೇ ಸಾರ್, ಹದಿನೈದು ದಿನ ಹಾಕಿಕೊಳ್ಳಿ, ಅಭ್ಯಾಸವಾಗುತ್ತದೆ" ಎಂದನು. ಅಭ್ಯಾಸದ ಮಹಿಮೆಯನ್ನು ಜೀವಮಾನವೆಲ್ಲ ಬೋಧಿಸಿದವನಾದುದರಿಂದ ಸಹಿಸಿಕೊಂಡೆನು. ಹತ್ತನೆಯ ದಿನ, ಐದು ವರ್ಷದ ಮೊಮ್ಮಗನ ಕೈಹಿಡಿದು ಮಹಡಿಯ ಮೆಟ್ಟಿಲು ಇಳಿಯುತ್ತಿದ್ದಾಗ ಎರಡು ಮೆಟ್ಟಿಲುಗಳಲ್ಲಿ ಇಲ್ಲದಿದ್ದುದರ ಮೇಲೆ ಕಾಲಿಟ್ಟೆನು. ಕಟಕಟೆಯು ಕೈಗೆ ಸಿಕ್ಕಿದುದರಿಂದ ಇಬ್ಬರೂ ಉಳಿದೆವು. "ತಾತ, ಮೆಟ್ಟಿಲು ಇಲ್ಲಿದೆ" ಎಂದು ಮಗುವು ಕಾಲಿನಿಂದ ತಟ್ಟಿ ತೋರಿಸಿದಾಗ ನನ್ನ ಕೈ ನಡುಗುತ್ತಿತ್ತು.

ಮರುದಿನವೇ ಆಸ್ಪತ್ರೆಗೆ ಹೋದೆವು. ಲೆನ್ಸೋಮೀಟರ್ ಎಂಬ ಯಂತ್ರದಲ್ಲಿ ಗಾಜನ್ನಿಟ್ಟು ನೋಡಿದಾಗ ಪ್ರಿಸಂ ತಲೆಕೆಳಗಾಗಿರುವುದು ಹೊರಬಿದ್ದಿತು. ಬಲಗಾಜಿನಲ್ಲಿ ಕೆಳಗಿರಬೇಕಾದ ದಪ್ಪ ಅಂಚು ಮೇಲಿದ್ದಿತು; ಎಡಗಾಜಿನಲ್ಲಿಯೂ ಹಾಗೆಯೇ ತಿರುವುಮುರುವು. ನಾಲ್ಕನ್ನು ಕಳೆಯುವ ಬದಲು ನಾಲ್ಕನ್ನು ಕೂಡಿದಂತಾಗಿ ಅಂತರವು ಎಂಟಾಗಿತ್ತು! ವೈದ್ಯೆಯು ಹೇಳಿದ ಮಾತನ್ನು ಎಲ್ಲರೂ ನೆನಪಿಡತಕ್ಕದ್ದು: ಹೊಸ ಪ್ರಿಸಂನಲ್ಲಿ ನೆಲವು ಇಳಿಜಾರಾದಂತೆ ತೋರುವುದಕ್ಕೂ ಮೂಗಿನ ಮೇಲಿನ ಭಾರಕ್ಕೂ ಒಂದೆರಡು ವಾರ ಅಭ್ಯಾಸ ಬೇಕು, ಎರಡು ಒಂದಾಗುವುದಕ್ಕೆ ಮಾತ್ರ ಅಭ್ಯಾಸ ಬೇಡ. ಸರಿಯಾದ ಪ್ರಿಸಂ ಆದರೆ ಹಾಕಿಕೊಂಡ ಗಳಿಗೆಯಲ್ಲಿಯೇ ಚಿತ್ರಗಳು ಹತ್ತಿರವಾಗಬೇಕು.

ಮನೆಯಲ್ಲಿಯೂ ಸ್ಥೂಲವಾಗಿ ಪರೀಕ್ಷಿಸಬಹುದು. ಕನ್ನಡಕವನ್ನು ಮುಂದೆ ಹಿಡಿದು, ಒಂದು ಕಣ್ಣನ್ನು ಮುಚ್ಚಿ, ಗಾಜಿನ ನಡುವಿನಿಂದ ಕಿಟಕಿಯ ಅಡ್ಡಪಟ್ಟಿಯನ್ನು ನೋಡಬೇಕು. ದಪ್ಪ ಅಂಚು ಕೆಳಗಿದ್ದರೆ ಗಾಜಿನೊಳಗಿನ ಪಟ್ಟಿಯು ಹೊರಗಿನ ಪಟ್ಟಿಗಿಂತ ಮೇಲೆ ತುಂಡಾದಂತೆ ಕಾಣುವುದು. ಚೀಟಿಯಲ್ಲಿ ಬರೆದಿರುವುದಕ್ಕೆ ಇದು ವಿರುದ್ಧವಾದರೆ ಕನ್ನಡಕವನ್ನು ಹಿಂದಿರುಗಿಸಿರಿ.

ಎರಡನೆಯ ಸಾರಿ ಮಾಡಿಸಿದ ಕನ್ನಡಕವನ್ನು ವೈದ್ಯೆಯೇ ನನ್ನ ಕಿವಿಗೆ ಏರಿಸಿದರು. ಗೋಡೆಯ ಮೇಲಿನ ಎರಡು ಗಡಿಯಾರಗಳು ಒಂದರ ಮೇಲೊಂದು ಸರಿದು ಒಂದೇ ಗಡಿಯಾರವಾಯಿತು. ಓದುವ ಕನ್ನಡಕಕ್ಕೆ ಅವರು ಇನ್ನೊಂದು ಉಪಾಯವನ್ನೂ ಹೇಳಿದರು: ಪುಸ್ತಕವನ್ನು ತೊಡೆಯ ಮೇಲಿಡದೆ ಕಣ್ಣಿನ ನೇರಕ್ಕೆ ಎತ್ತಿಡಬೇಕು, ಕೆಳನೋಟ ಕಡಮೆಯಾದಷ್ಟೂ ಇಮ್ಮಡಿಯೂ ಕಡಮೆ. ನನ್ನ ತಂದೆಯವರು ಪುರಾಣ ಓದುತ್ತಿದ್ದ ವ್ಯಾಸಪೀಠವು ಅಟ್ಟದ ಮೇಲೆ ಧೂಳು ಹಿಡಿದು ಬಿದ್ದಿತ್ತು. ಅದನ್ನು ಇಳಿಸಿ, ಒರಸಿ, ಒಂದು ಮಣೆಯ ಮೇಲಿಟ್ಟು ಭಾರತವನ್ನು ಅದರ ಮೇಲೆ ತೆರೆದಾಗ ಪುಟವು ನೆಟ್ಟಗೆ ಮುಖದೆದುರಿಗೆ ನಿಂತಿತು. ಸಾಲುಗಳು ತಮ್ಮತಮ್ಮ ಸ್ಥಾನದಲ್ಲಿದ್ದುವು.

ಈಗಲೂ ಕನ್ನಡಕವನ್ನು ತೆಗೆದರೆ ಚಂದ್ರರು ಇಬ್ಬರೇ. ಬಹಳ ಕೆಳಗೆ ಎಡಕ್ಕೆ ನೋಡಿದರೆ ಕನ್ನಡಕವಿದ್ದೂ ಎರಡು ಕಾಣುವುದು. ಮೆಟ್ಟಿಲಿಳಿಯುವಾಗ ಗಲ್ಲವನ್ನು ತಗ್ಗಿಸಿ, ಗಾಜಿನ ಮೇಲ್ಭಾಗದಿಂದ ನೋಡುತ್ತ, ಕಟಕಟೆಯನ್ನು ಹಿಡಿದೇ ಇಳಿಯುತ್ತೇನೆ. ಆರು ತಿಂಗಳಿಗೊಮ್ಮೆ ಅಳತೆಯನ್ನು ನೋಡಿಸಿಕೊಳ್ಳುತ್ತೇನೆ. ಶನಿವಾರದ ವಾಚನವು ಮತ್ತೆ ನಡೆಯುತ್ತಿದೆ.

ವಾಚಕ ಬಂಧುಗಳೇ, ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಒಂದು ಕಣ್ಣು ಮುಚ್ಚಿ ಓದುತ್ತಿದ್ದರೆ, ಲೋಟಕ್ಕೆ ನೀರು ಬಗ್ಗಿಸುವಾಗ ಪಕ್ಕಕ್ಕೆ ಚೆಲ್ಲುತ್ತಿದ್ದರೆ, ಮೆಟ್ಟಿಲಿನಲ್ಲಿ ಕಾಲಿಡಲು ತಡವರಿಸುತ್ತಿದ್ದರೆ ವಯಸ್ಸಾಯಿತೆಂದು ಸುಮ್ಮನಾಗಬೇಡಿರಿ, ಗದರಲೂ ಬೇಡಿರಿ. ಹತ್ತಿರ ಕುಳಿತು, ಎರಡು ಕಾಣುವುದೇ ಎಂದು ಮೆಲ್ಲನೆ ಕೇಳಿರಿ. ನನ್ನನ್ನು ಎರಡು ತಿಂಗಳ ಭಯದಿಂದ ಬಿಡಿಸಿದುದು ನನ್ನ ಮನೆಯಾಕೆಯ ಅಂಥ ಒಂದು ಪ್ರಶ್ನೆಯೇ.